ಸೀಟಿ ಊದದ ಹತ್ತು ನಿಮಿಷ

ಆ ಹುಡುಗಿಯರ ಶಾಲೆಯ ವ್ಯಾಯಾಮ ಶಿಕ್ಷಕಿಗೆ ಅಪ್ಪ ಅಮ್ಮ ಇಟ್ಟ ಚಂದದ ಹೆಸರೊಂದಿತ್ತು. ಪಾಪ, ಅದು ಸಂಬಳದ ದಿನ ಬಿಟ್ಟರೆ ಹೊರಗೆ ಬರುತ್ತಿರಲಿಲ್ಲ. ಮಿಕ್ಕ ದಿನಗಳಲ್ಲೆಲ್ಲ ಅವರು ಸೀಟಿ ಟೀಚರು. ಕತ್ತಿನಲ್ಲಿ ಸದಾ ಒಂದು ಉಕ್ಕಿನ ಸೀಟಿ. ಮಾತು ನಾಲಿಗೆಗೆ ಬರುವ ಮೊದಲೇ ಅದು ತುಟಿಗೆ ಬಂದಿರುತ್ತಿತ್ತು. ಸಾಲಾಗಿ ನಿಲ್ಲಿ ಅನ್ನುವುದಕ್ಕೆ ಒಂದು ಊದು, ಓಡಿ ಅನ್ನುವುದಕ್ಕೆ ಇನ್ನೊಂದು, ಸಿಟ್ಟು ಬಂದರೆ ಕಿವಿ ತೂತು ಬೀಳುವಂಥ ಉದ್ದದ ಊದು. ಖುಷಿಯಾದರೆ ಚಿಕ್ಕದಾಗಿ ಎರಡು. 'ಭೇಷ್' ಅನ್ನುವ ಮಾತು ಅವರ ಬಾಯಿಂದ ಬಂದದ್ದನ್ನು ಆ ಶಾಲೆಯಲ್ಲಿ ಯಾರೂ ಕೇಳಿದವರಿಲ್ಲ. ಆದರೆ ಆ ಎರಡು ಚಿಕ್ಕ ಸೀಟಿಗಾಗಿ ಹುಡುಗಿಯರು ಮೊಣಕಾಲು ತರಚಿಕೊಂಡು ಓಡುತ್ತಿದ್ದರು.

ಟೀಚರ ಸ್ವಂತ ಮಗಳಿಗೆ ಆ ಎರಡು ಸೀಟಿ ಬಿದ್ದದ್ದು ಒಂದೇ ಒಂದು ಸಲ. ಅವಳು ಒಂದನೇ ಕ್ಲಾಸಿನಲ್ಲಿದ್ದಾಗ ಕ್ರೀಡಾದಿನದ ಪುಟಾಣಿಗಳ ಓಟದಲ್ಲಿ ಎಲ್ಲರಿಗಿಂತ ಮುಂದೆ ಬಂದಳು. ಅಮ್ಮ ಹಿಗ್ಗಿ ಹೀರೇಕಾಯಿಯಾಗಿ ಎರಡು ಸಲ ಊದಿದರು. ಸಂಜೆ ಸ್ಟಾಫ್ ರೂಮಿನಲ್ಲಿ ಯಾರೋ, "ಅಮ್ಮನ ಕೈಯಲ್ಲೇ ಸೀಟಿ ಇದ್ಮೇಲೆ ಮಗಳು ಗೆಲ್ಲದೆ ಇನ್ಯಾರು ಗೆಲ್ತಾರೆ ಬಿಡಿ," ಅಂದು ನಕ್ಕರು. ತಮಾಷೆಗೆ ಅಂದದ್ದೇ ಇರಬೇಕು. ಆದರೆ ಸೀಟಿ ಟೀಚರಿಗೆ ಅದು ಮುಳ್ಳಿನ ಹಾಗೆ ನೆಟ್ಟುಕೊಂಡಿತು. ಮರುದಿನವೇ ಮಗಳ ಕತ್ತಿಗೆ ಸ್ಟಾಪ್‌ವಾಚ್ ಹಾಕಿ, "ಇನ್ಮೇಲೆ ನೀನು ನನ್ನ ಅಸಿಸ್ಟೆಂಟು," ಅಂದರು. ಮಗಳು ಆನೆ ಮೇಲೆ ಕೂತಷ್ಟು ಬೀಗಿದಳು. ಜೊತೆಗೆ ಒಂದು ಕಟ್ಟಪ್ಪಣೆಯೂ ಆಯಿತು: ಗೇಟಿನ ಒಳಗೆ 'ಟೀಚರ್', ಗೇಟಿನ ಹೊರಗೆ 'ಅಮ್ಮ'.

ಅವತ್ತಿನಿಂದ ಅವಳು ಓಡಲೇ ಇಲ್ಲ. ಗೆರೆಯ ಪಕ್ಕದಲ್ಲಿ ನಿಂತು ಬೇರೆಯವರ ಓಟಕ್ಕೆ ಗುಂಡಿ ಒತ್ತುತ್ತಿದ್ದಳು. ತಂಡ ಕಟ್ಟುವಾಗ ಟೀಚರ ಕಣ್ಣು ಮಗಳ ಮೇಲಿಂದ ಹಾದು ಮುಂದೆ ಹೋಗುತ್ತಿತ್ತು. ಅದು ನ್ಯಾಯ ಅಂತ ತಾಯಿ ಅಂದುಕೊಂಡರು. ತನಗೆ ಆಟ ಬರುವುದಿಲ್ಲ, ಅದಕ್ಕೇ ಅಮ್ಮ ಕರೆಯುವುದಿಲ್ಲ ಅಂತ ಮಗಳು ಅಂದುಕೊಂಡಳು. ಇಬ್ಬರೂ ಬಾಯಿ ಬಿಟ್ಟು ಹೇಳಲಿಲ್ಲ, ವರ್ಷಗಳು ಉರುಳಿದವು, ಮಗಳು ಎಂಟನೇ ಕ್ಲಾಸಿಗೆ ಬಂದಳು.

ಆ ವರ್ಷ ಮೇಲಿನವರು ಒಂದು ಹೊಸ ನಿಯಮ ಮಾಡಿದರು. ಒಂಬತ್ತನೇ ಕ್ಲಾಸಿನಿಂದ ಆಟದ ಪೀರಿಯಡ್ಡು ಕಡ್ಡಾಯವಲ್ಲ. ಬೇಕಾದವರು ಇಟ್ಟುಕೊಳ್ಳಬಹುದು, ಬೇಡದವರು ಆ ಹೊತ್ತಿನಲ್ಲಿ ಲೈಬ್ರರಿಯಲ್ಲಿ ಕೂತು ಓದಬಹುದು. ಒಮ್ಮೆ ಬಿಟ್ಟರೆ ಶಾಲೆ ಮುಗಿಯುವವರೆಗೂ ಬಿಟ್ಟ ಹಾಗೇ. ಶನಿವಾರ ಬೆಳಿಗ್ಗೆ ಎಂಟನೇ ಕ್ಲಾಸಿನವರೆಲ್ಲ ಮೈದಾನದ ನಡುಗೆರೆಯ ಹತ್ತಿರ ಸೇರಬೇಕು; ಆಟ ಬೇಕೆನ್ನುವವರು ಬಲಕ್ಕೆ, ಬೇಡವೆನ್ನುವವರು ಎಡಕ್ಕೆ ನಿಲ್ಲಬೇಕು ಎಂದು ಹೆಡ್‌ಮಿಸ್ ಹೇಳಿದರು. ಗಣಿತದ ಮೇಷ್ಟ್ರಿಗಂತೂ ಹಿಡಿಸಲಾರದಷ್ಟು ಸಂತೋಷ. ಪರೀಕ್ಷೆ ಹತ್ತಿರ ಬಂದರೆ ಸಾಕು, ಅವರು ಆಟದ ಪೀರಿಯಡ್ಡನ್ನು ಸಾಲ ಕೇಳಿಕೊಂಡು ಬರುತ್ತಿದ್ದರು. ತೀರಿಸಿದ್ದನ್ನು ಮಾತ್ರ ಯಾರೂ ಕಂಡಿಲ್ಲ.

ಅವತ್ತು ರಾತ್ರಿ ಊಟಕ್ಕೆ ಕೂತಾಗ ಮಗಳು ತಟ್ಟೆ ನೋಡುತ್ತಲೇ ಹೇಳಿದಳು. "ನಾನು ಎಡಕ್ಕೆ ನಿಲ್ತೀನಿ."

ಟೀಚರ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. "ಯಾಕೆ?"

"ನಂಗೆ ಓಡೋಕೆ ಬರಲ್ಲ, ಎಸೆಯೋಕೆ ಬರಲ್ಲ. ಟೈಮ್ ನೋಡ್ತಾ ನಿಲ್ಲೋಕೆ ಲೈಬ್ರರೀಲೂ ಗಡಿಯಾರ ಇದೆ."

ತಟ್ಟೆ ಎತ್ತಿಕೊಂಡು ಅವಳು ಎದ್ದು ಹೋದಳು. ಅವಳ ಅಪ್ಪ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವರು, ಮೆತ್ತಗಿನ ಮನುಷ್ಯ. ಹೆಂಡತಿಯ ಕಡೆ ತಿರುಗಿ ಅಂದರು: "ನಿಂಗೆ ದೂರದ್ದೆಲ್ಲ ಚೆನ್ನಾಗೇ ಕಾಣುತ್ತೆ ಕಣೇ. ಮೈದಾನದ ಆ ತುದೀಲಿ ಯಾರ ಲೇಸ್ ಬಿಚ್ಚಿದೆ ಅಂತ ಇಲ್ಲಿಂದಲೇ ಹೇಳ್ತೀಯ. ಹತ್ತಿರದ್ದು ನೋಡೋಕೆ ಮಾತ್ರ ಇತ್ತೀಚೆಗೆ ಕೈ ಉದ್ದ ಚಾಚ್ಕೋತೀಯ. ಒಂದಿನ ಅಂಗಡಿಗೆ ಬಾ, ಗಾಜು ಹಾಕಿಕೊಡ್ತೀನಿ."

"ಮಗಳು ಆಟ ಬಿಡ್ತೀನಿ ಅಂತಿದ್ದಾಳೆ, ನೀವು ವ್ಯಾಪಾರ ನೋಡ್ತಿದ್ದೀರಲ್ಲ ರೀ!"

ಅವರು ನಕ್ಕು ಕೈ ತೊಳೆಯಲು ಎದ್ದರು. ಸೀಟಿ ಟೀಚರಿಗೆ ಮೊದಲು ಬಂದದ್ದು ನಾಚಿಕೆಯೇ. ಊರ ಮಕ್ಕಳಿಗೆಲ್ಲ ಆಟದ ಹುಚ್ಚು ಹಿಡಿಸಿದವರ ಮನೆಯ ಹುಡುಗಿಯೇ ಆಟ ಬೇಡ ಅಂದರೆ ನಾಲ್ಕು ಜನ ಏನೆಂದಾರು! ಆದರೆ ಪಾತ್ರೆ ತೊಳೆಯುತ್ತಾ ನಿಂತಾಗ ಆ ನಾಚಿಕೆಯ ಕೆಳಗೆ ಇನ್ನೊಂದು ಇದೆ ಎಂದು ಗೊತ್ತಾಯಿತು. ಅದು ಹೆದರಿಕೆ. ಮಗಳು ನಗುವುದು ಇತ್ತೀಚೆಗೆ ಕಡಿಮೆಯಾಗಿತ್ತು. ತಾಯಿ ಮಗಳು ಹತ್ತಿರ ಹತ್ತಿರ ನಿಲ್ಲುತ್ತಿದ್ದದ್ದು ಆ ಮೈದಾನದಲ್ಲಿ ಮಾತ್ರ, ಒಬ್ಬರ ಕೈಯಲ್ಲಿ ಸೀಟಿ, ಒಬ್ಬರ ಕೈಯಲ್ಲಿ ವಾಚು. ಅದೂ ಹೋದರೆ ಇವಳು ತನ್ನ ಕೈ ತಪ್ಪಿಯೇ ಹೋಗುತ್ತಾಳೆ ಅನ್ನಿಸಿತು.

ಅದೇ ವಾರ ಶಾಲೆಗೆ ಒಬ್ಬ ಸಂಶೋಧಕ ಬಂದ. ಮಕ್ಕಳಿಗೆ ಆಟದ ಆಸೆ ಎಲ್ಲಿಂದ ಹುಟ್ಟುತ್ತದೆ, ಎಲ್ಲಿ ಸಾಯುತ್ತದೆ ಎನ್ನುವುದು ಅವನ ಅಧ್ಯಯನದ ವಿಷಯ. ಹೊಸ ನಿಯಮ ಮಾಡಿದವರಿಗೂ ಅವನ ವರದಿ ಹೋಗಬೇಕಿತ್ತು. ಗುಂಡುಗುಂಡಗಿನ ಯುವಕ. ಸ್ಟಾಫ್ ರೂಮಿನ ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಏದುಸಿರು ಬಿಡುತ್ತಾ, "ಉಸ್ಸಪ್ಪಾ!" ಎಂದು ಕುರ್ಚಿಗೆ ಒರಗಿದ. ಬಾಗಿಲಲ್ಲಿ ಇಣುಕುತ್ತಿದ್ದ ಹುಡುಗಿಯರಿಗೆ ಅಷ್ಟು ಸಾಕಾಯಿತು. ಮಧ್ಯಾಹ್ನದ ಹೊತ್ತಿಗೆ ಇಡೀ ಶಾಲೆ ಅವನನ್ನು ಉಸ್ಸಪ್ಪ ಸಾರ್ ಅನ್ನುತ್ತಿತ್ತು.

ಸೀಟಿ ಟೀಚರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಅವನಿಗೆ ಅದು ಹೊಸದೇನಲ್ಲ.

"ಏನು ನೋಡ್ತಿದ್ದೀರಿ ಅಂತ ಗೊತ್ತಾಯ್ತು ಮೇಡಂ," ಅಂದ. "ನಾನು ಸ್ಕೂಲಲ್ಲಿದ್ದಾಗ ಆಟದ ಪೀರಿಯಡ್ ಬಂದ್ರೆ ಸಾಕು, ಹೊಟ್ಟೆನೋವು ಬರ್ತಿತ್ತು. ಬೇರೆ ಮಕ್ಕಳಿಗೆ ಯಾಕೆ ಬರಲ್ಲ ಅಂತ ತಿಳ್ಕೊಳ್ಳೋಕೇ ಇಷ್ಟೆಲ್ಲ ಓದಿದ್ದು."

ಟೀಚರಿಗೆ ನಗು ತಡೆಯಲಾಗಲಿಲ್ಲ. ಅಲ್ಲಿಗೆ ಇಬ್ಬರಿಗೂ ಹೊಂದಿಕೆಯಾಯಿತು.

ಅವನ ವಿಧಾನ ಸರಳವಾಗಿತ್ತು. "ಆಟ ಇಷ್ಟಾನಾ ಅಂತ ಕೇಳಿದ್ರೆ ಮಕ್ಕಳು ಹೂಂ ಅಂತಾನೇ ಅಂತಾರೆ, ಪಕ್ಕದಲ್ಲಿ ನೀವಿರ್ತೀರಲ್ಲ. ಅದಕ್ಕೆ ಕೇಳೋದೇ ಬೇಡ. ಪೀರಿಯಡ್ ಅರ್ಧ ಆದ್ಮೇಲೆ, ಆಫೀಸಿಂದ ಕರೆದಿದ್ದಾರೆ, ಹತ್ತು ನಿಮಿಷ ಏನು ಬೇಕಾದ್ರೂ ಮಾಡ್ಕೊಳ್ಳಿ ಅಂತ ಹೇಳಿ ಹೊರಟುಬಿಡಿ. ಚೆಂಡು, ಹಗ್ಗ, ರಿಂಗು ಎಲ್ಲ ಅಲ್ಲೇ ಬಿದ್ದಿರ್ಲಿ. ನಾವು ಕಿಟಕಿಯಿಂದ ನೋಡೋಣ. ಯಾರೂ ಹೇಳ್ದೆ, ಯಾರೂ ಹೊಗಳ್ದೆ ಇರುವಾಗ ಯಾರು ಆಡ್ತಾರೋ, ಅವರಿಗೆ ಆಟ ನಿಜವಾಗ್ಲೂ ಬೇಕು ಅಂತ ಅರ್ಥ." ಹುಡುಗಿಯರ ಮನೆಯವರ ಒಪ್ಪಿಗೆಯನ್ನೆಲ್ಲ ಅವನು ಮೊದಲೇ ಪಡೆದಿದ್ದ, ಸೀಟಿ ಟೀಚರೂ ತಾಯಿಯಾಗಿ ಒಪ್ಪಿದ್ದರು. "ಒಂದೇ ಒಂದು ಷರತ್ತು ಮೇಡಂ. ಆ ಹತ್ತು ನಿಮಿಷ ಸೀಟಿ ಊದಬಾರದು."

"ನಾನೇನು ಚಿಕ್ಕ ಮಗುವಾ?" ಅಂದರು ಟೀಚರು.

ಶುಕ್ರವಾರ ಬಿಸಿಲು ಹದವಾಗಿತ್ತು. ಉಸ್ಸಪ್ಪ ಹೇಳಿಕೊಟ್ಟ ಸುಳ್ಳನ್ನು ಟೀಚರು ಎಂಟನೇ ಕ್ಲಾಸಿನ ಹುಡುಗಿಯರಿಗೆ ಒಪ್ಪಿಸಿ, ಕಟ್ಟಡವನ್ನು ಸುತ್ತಿ ಹಿಂದಿನ ಬಾಗಿಲಿನಿಂದ ಆಟದ ಸಾಮಾನಿನ ಕೋಣೆಗೆ ಬಂದರು. ರಬ್ಬರು, ಗೆರೆ ಎಳೆಯುವ ಸುಣ್ಣದ ಪುಡಿ, ಒಣಗದ ಚಾಪೆಗಳ ವಾಸನೆ ಸೇರಿಕೊಂಡ ಕೋಣೆ ಅದು. ಧೂಳು ಹಿಡಿದ ಕಿಟಕಿಯಲ್ಲಿ ಉಸ್ಸಪ್ಪ ಮೊದಲೇ ಮೊಣಕೈಯಿಂದ ಒರೆಸಿ ಎರಡು ಕಿಂಡಿ ಮಾಡಿಕೊಂಡಿದ್ದ. ಇಬ್ಬರೂ ಕಳ್ಳರ ಹಾಗೆ ಅದಕ್ಕೆ ಕಣ್ಣು ಹಚ್ಚಿ ನಿಂತರು.

ಮೊದಲ ಪೆಟ್ಟು ಬಿದ್ದದ್ದು ಟೀಚರ ಹೆಮ್ಮೆಗೆ. ಶಾಲೆಗೇ ಜೋರು ಓಟಗಾರ್ತಿ, ಎಲ್ಲರೂ 'ಜಿಂಕೆ' ಎಂದು ಕರೆಯುವ ಹುಡುಗಿ, ಟೀಚರ ಬೆನ್ನು ಮರೆಯಾದದ್ದೇ ತಡ ಮೆಟ್ಟಿಲ ಮೇಲೆ ಕೂತು ಜಡೆ ಬಿಚ್ಚಿಕೊಂಡಳು. ಅವಳ ಸುತ್ತ ತಂಡದ ಹುಡುಗಿಯರು ಕಾಲು ಚಾಚಿ ಕೂತು ಹರಟೆ ಶುರು ಹಚ್ಚಿಕೊಂಡರು. ಚೆಂಡುಗಳು ಅನಾಥವಾಗಿ ಬಿದ್ದಿದ್ದವು.

"ಎದ್ದೇಳ್ರೇ, ಸೋಮಾರಿಗಳಾ," ಎಂದು ಟೀಚರು ಹಲ್ಲು ಕಚ್ಚಿದರು. "ನನ್ನೆದುರು ಹಾಗೆ ಹಾರಾಡೋರು!"

"ನಿಮ್ಮೆದುರು," ಎಂದ ಉಸ್ಸಪ್ಪ ಮೆಲ್ಲಗೆ. ಚುಚ್ಚಬೇಕೆಂದು ಅಂದದ್ದಲ್ಲ, ಆದರೂ ಚುಚ್ಚಿತು.

ಆಗ ಮೈದಾನದ ಆ ತುದಿಯಲ್ಲಿ ಏನೋ ಅಲುಗಿತು. ಮಗಳು. ಅವಳು ಗೋಲ್ ಕಂಬದ ಹತ್ತಿರ ಒಬ್ಬಳೇ ನಿಂತಿದ್ದಳು. ಸುತ್ತ ಒಮ್ಮೆ ನೋಡಿದಳು. ಕತ್ತಿನಿಂದ ಸ್ಟಾಪ್‌ವಾಚ್ ತೆಗೆದು, ಬಲೆ ಕಟ್ಟುವ ಕೊಕ್ಕೆಗೆ ಜೋಪಾನವಾಗಿ ತಗುಲಿಹಾಕಿದಳು. ಆಮೇಲೆ ಓಡಿದಳು.

ಗೆರೆ ಇಲ್ಲ, ಗುರಿ ಇಲ್ಲ, ಸುಮ್ಮನೆ ಓಟ. ಬೇಲಿಯವರೆಗೆ ಹೋಗಿ, ಬೇಲಿಗೆ ಅಂಗೈ ಬಡಿದು, ತಿರುಗಿ ಇನ್ನೊಂದು ಕಡೆಗೆ. ಟೀಚರ ಕಣ್ಣು ಅಭ್ಯಾಸಬಲದಿಂದ ತಪ್ಪು ಹುಡುಕಿತು. ಮೊಣಕೈ ಹೊರಗೆ ಹೋಗ್ತಿದೆ, ಹಿಮ್ಮಡಿ ಊರ್ತಿದ್ದಾಳೆ, ತಲೆ ಅಲ್ಲಾಡ್ತಿದೆ. ಅಷ್ಟರಲ್ಲಿ ಮಗಳು ಕಿಟಕಿಯ ಕಡೆಗೆ ತಿರುಗಿದಳು, ಅವಳ ಮುಖ ಕಂಡಿತು. ಅವಳು ನಗುತ್ತಿದ್ದಳು. ಬಾಯ್ತುಂಬ, ಹಲ್ಲು ಕಾಣುವ ಹಾಗೆ, ಒಂದನೇ ಕ್ಲಾಸಿನ ಮಗುವಿನ ಹಾಗೆ. ತಂಡಕ್ಕೆ ಯಾವತ್ತೂ ಕರೆ ಬಾರದ ನಾಲ್ಕಾರು ಹುಡುಗಿಯರು ಅದನ್ನು ನೋಡಿ ಒಬ್ಬೊಬ್ಬರಾಗಿ ಎದ್ದು ಅವಳ ಬೆನ್ನು ಹತ್ತಿದರು. ಮುಟ್ಟಾಟ ಶುರುವಾಯಿತು. ಮಗಳು ಬಗ್ಗಿ, ಬಾಗಿ, ಒಬ್ಬಳ ಕೈಯಿಂದ ಜಾರಿ, ಇನ್ನೊಬ್ಬಳನ್ನು ಸುತ್ತು ಹಾಕಿ ತಪ್ಪಿಸಿಕೊಂಡಳು.

ತಾಯಿಯ ಎದೆ ತುಂಬಿ ಬಂತು. ಇದು ಇಷ್ಟು ವರ್ಷ ಎಲ್ಲಿತ್ತು? ತನ್ನ ಪಕ್ಕದಲ್ಲೇ ಇತ್ತಲ್ಲ, ಕತ್ತಿಗೆ ಗಡಿಯಾರ ಕಟ್ಟಿಕೊಂಡು! ಕಣ್ಣು ಮಂಜಾಯಿತು, ಹೇಳಬೇಕಾದದ್ದು ಎಷ್ಟೋ ಇತ್ತು. ಮಾತು ಕೈಕೊಟ್ಟಾಗಲೆಲ್ಲ ಅವರ ಕೈ ಏನು ಮಾಡುತ್ತಿತ್ತೋ, ಅದನ್ನೇ ಮಾಡಿತು.

ಎರಡು ಚಿಕ್ಕ ಸೀಟಿ.

"ಅಯ್ಯೋ ಮೇಡಂ!" ಎಂದ ಉಸ್ಸಪ್ಪ.

ಇಡೀ ಮೈದಾನ ನಿಂತಲ್ಲೇ ನಿಂತಿತು. ಜಿಂಕೆ ದಡಬಡ ಎದ್ದು ಜಡೆ ಸುತ್ತಿಕೊಂಡಳು. ಮುಟ್ಟಾಟದ ಹುಡುಗಿಯರು ಬಾಲ ಸುಟ್ಟ ಬೆಕ್ಕುಗಳ ಹಾಗೆ ದಿಕ್ಕಾಪಾಲಾದರು. ಮಗಳು ಮಾತ್ರ ಕದಲದೆ ಸಾಮಾನಿನ ಕೋಣೆಯ ಕಿಟಕಿಯನ್ನೇ ನೋಡಿದಳು. ಧೂಳಿನಲ್ಲಿ ಒರೆಸಿದ ಎರಡು ಕಿಂಡಿಗಳು ಅವಳಿಗೆ ಕಂಡವು. ಅವಳ ಮುಖದಲ್ಲಿದ್ದ ನಗು ಹೊರಟುಹೋಯಿತು. ನಡೆದು ಹೋಗಿ ಕೊಕ್ಕೆಯಿಂದ ಸ್ಟಾಪ್‌ವಾಚ್ ತೆಗೆದು ಮತ್ತೆ ಕತ್ತಿಗೆ ಹಾಕಿಕೊಂಡಳು.

ಟೀಚರು ಚಾಪೆಗಳ ಮೇಲೆ ಕುಸಿದು ಕೂತರು. "ನಿಮ್ಮ ಕೆಲಸ ಎಲ್ಲ ಕೆಡಿಸಿಬಿಟ್ಟೆ ಸಾರ್."

"ನನ್ನ ಕೆಲಸ ಬಿಡಿ, ಇನ್ನೊಂದು ಶಾಲೇಲಿ ಆಗುತ್ತೆ. ಆ ಹುಡುಗಿ ಯಾರು ಮೇಡಂ?"

"ನನ್ನ ಮಗಳು."

ಉಸ್ಸಪ್ಪ ತನ್ನ ನೀರಿನ ಬಾಟಲಿಯ ಮುಚ್ಚಳ ತೆಗೆದು ಅವರ ಕೈಗೆ ಕೊಟ್ಟು, ಅವರ ಪಕ್ಕದಲ್ಲೇ ಉಸ್ಸೆಂದು ಕೂತ.

ಸಂಜೆ ಮನೆಯಲ್ಲಿ ಮಗಳು ಮುಖ ಗಂಟಿಕ್ಕಿಕೊಂಡಿರಲಿಲ್ಲ. ಹಾಗಿದ್ದರೆ ಎಷ್ಟೋ ವಾಸಿಯಿತ್ತು. ಒಣಗಿದ ಬಟ್ಟೆಗಳ ರಾಶಿಯ ಮುಂದೆ ಕೂತು ತಣ್ಣಗೆ ಮಡಚುತ್ತಿದ್ದಳು. ಟೀಚರು ಎದುರಿಗೆ ಕೂತು ಒಂದು ಟವೆಲ್ ಎತ್ತಿಕೊಂಡರು.

"ಚೆನ್ನಾಗಿ ಓಡ್ತೀಯ ಮರಿ," ಅಂದರು. ಹಾಗಂದದ್ದು ಮೊದಲ ಸಲವೆಂದು ಅನ್ನುವಾಗಲೇ ಹೊಳೆಯಿತು.

"ನೀನು ಕದ್ದು ನೋಡ್ತಿದ್ದೆ."

"ಹೂಂ. ತಪ್ಪಾಯ್ತು."

"ನೋಡಿದ್ದಕ್ಕಲ್ಲ." ಮಗಳು ಒಂದು ಅಂಗಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. "ಊದಿದ್ದಕ್ಕೆ. ಅಷ್ಟೊತ್ತೂ ಅದು ನಂದಾಗಿತ್ತು ಅಮ್ಮ. ಊದಿದ ತಕ್ಷಣ ನಿನ್ನ ಕ್ಲಾಸ್ ಆಗೋಯ್ತು. ಇನ್ಮೇಲೆ ನಾನು ಓಡಿದ್ರೆ ನೀನು ಊದ್ತೀಯ, ಜಿಂಕೆ ಪಕ್ಕ ನಿಲ್ಲಿಸ್ತೀಯ, ಟೈಮ್ ನೋಡ್ತೀಯ. ಇಷ್ಟು ದಿನ ಕರೀಲಿಲ್ಲ. ಈಗ್ಲೂ ಕರೀಬೇಡ. ನಾಳೆ ಎಡಕ್ಕೇ ನಿಲ್ತೀನಿ."

ಟೀಚರು ಟವೆಲನ್ನು ಕೆಳಗಿಟ್ಟರು. ಸ್ಟಾಫ್ ರೂಮಿನ ಆ ಹಳೇ ಮಾತನ್ನು ಹೇಳಿದರು. ಜನ ಆಡಿಕೊಳ್ಳುತ್ತಾರೆಂದು ಹೆದರಿ ಅವಳ ಕತ್ತಿಗೆ ವಾಚು ಹಾಕಿದ್ದು, ಅವಳು ಓಡಲಾರಳೆಂದು ಅಲ್ಲ, ಓಡಬಲ್ಲಳು ಎಂದೇ ಹಾಗೆ ಮಾಡಿದ್ದು ಎಂದರು. ಮಗಳು ಮಡಚುವುದನ್ನು ನಿಲ್ಲಿಸಿ ಕೇಳಿದಳು.

"ಇದನ್ನ ಮೊದ್ಲೇ ಹೇಳೋಕಾಗ್ತಿರ್ಲಿಲ್ವಾ?"

"ನಂಗೆ ಮಾತು ಬರಲ್ಲ ಕಣೇ. ನೋಡಿದ್ದೀಯಲ್ಲ."

ಮಗಳು ತನ್ನ ಬಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ಬಾಗಿಲನ್ನು ಪೂರ್ತಿ ಮುಚ್ಚಲಿಲ್ಲ, ಅಷ್ಟೇ ಸಮಾಧಾನ.

ಶನಿವಾರ ಎಂದಿನಂತೆ ತಾಯಿ ಮಗಳು ಎಲ್ಲರಿಗಿಂತ ಮುಂಚೆ ಶಾಲೆಗೆ ಬಂದರು. ಸಾಮಾನಿನ ಕೋಣೆಯ ಬೀಗ ತೆಗೆಯುವುದು ಟೀಚರ ಕೆಲಸ. ಗೇಟಿನ ಒಳಗೆ ಮಗಳು ಮೆಟ್ಟಿಲ ಮೇಲೆ ಕೂತು ಪುಸ್ತಕ ತೆರೆದಳು. ಟೀಚರು ಬೀಗ ತೆಗೆಯಲಿಲ್ಲ. ಸೀದಾ ಗೋಲ್ ಕಂಬದ ಹತ್ತಿರ ಹೋದರು. ಕತ್ತಿನಿಂದ ಸೀಟಿ ತೆಗೆದು, ನಿನ್ನೆ ಮಗಳು ವಾಚು ಸಿಕ್ಕಿಸಿದ ಅದೇ ಕೊಕ್ಕೆಗೆ ಸಿಕ್ಕಿಸಿದರು. ಬರಿಗತ್ತು ತಂಪಾಗಿ, ಒಂಥರಾ ಭಯವಾಯಿತು.

ಆಮೇಲೆ ಓಡಲು ಶುರು ಮಾಡಿದರು.

ಊದುವವರು ಓಡುವುದಿಲ್ಲ, ನಿಂತೇ ಇರುತ್ತಾರೆ. ಅವರು ಓಡಿ ಅದೆಷ್ಟು ಕಾಲವಾಗಿತ್ತೋ. ಮೊದಲ ತಿರುವಿನಲ್ಲೇ ಎಡಮೊಣಕಾಲು ಕಟಕಟ ಎಂದಿತು, ಎರಡನೆಯದರಲ್ಲಿ ಉಸಿರು ಮೇಲಕ್ಕೂ ಕೆಳಕ್ಕೂ ಆಗದೆ ಸಿಕ್ಕಿಹಾಕಿಕೊಂಡಿತು. ಉಸ್ಸಪ್ಪನನ್ನು ಅಡಿಯಿಂದ ಮುಡಿಯವರೆಗೆ ನೋಡಿದ್ದು ನೆನಪಾಗಿ ನಾಚಿಕೆಯಾಯಿತು. ಆದರೂ ನಿಲ್ಲಲಿಲ್ಲ, ಮಗಳ ಕಡೆ ತಿರುಗಲಿಲ್ಲ, ಬಾ ಎನ್ನಲಿಲ್ಲ. ಬೇಲಿಯವರೆಗೆ ಹೋಗಿ ಅದಕ್ಕೆ ಅಂಗೈ ಬಡಿದಾಗ ಮಾತ್ರ, ಇದರಲ್ಲೇನೋ ಮಜಾ ಇದೆ ಅನ್ನಿಸಿ ತಮಗೆ ತಾವೇ ನಕ್ಕರು.

"ಅಮ್ಮಾ! ಮೊಣಕೈ ಒಳಗೆ!"

ಗೇಟಿನ ಒಳಗೆ ಕೇಳಿಬಂದ ಆ ಕೂಗಿಗೆ ಟೀಚರ ಕಾಲು ತೊಡರಿತು. ತಿರುಗಿ ನೋಡಿದರೆ ಮಗಳು ಮೆಟ್ಟಿಲ ಮೇಲೆ ಎದ್ದು ನಿಂತು, ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಆದರೆ ಇಳಿದು ಬರಲಿಲ್ಲ. ಅಷ್ಟರಲ್ಲಿ ಹುಡುಗಿಯರು ಬರತೊಡಗಿದರು, ಟೀಚರು ಬೆವರು ಒರೆಸಿಕೊಂಡು ನಿಂತರು.

ಗಂಟೆ ಹೊಡೆಯಿತು. ಎಂಟನೇ ಕ್ಲಾಸಿನವರು ನಡುಗೆರೆಯ ಸುತ್ತ ಗುಂಪಾದರು. ಉಸ್ಸಪ್ಪನೂ ಒಂದು ಮೂಲೆಯಲ್ಲಿ ನಿಂತಿದ್ದ. ಹೆಡ್‌ಮಿಸ್, "ಹೂಂ, ಅವರವರ ಜಾಗಕ್ಕೆ ಹೋಗಿ," ಎಂದರು. ಸೀಟಿ ಟೀಚರು ಏನು ಮಾಡಿದರು ಗೊತ್ತೇ? ಮೈದಾನಕ್ಕೆ ಬೆನ್ನು ತಿರುಗಿಸಿ ಗೋಡೆ ನೋಡುತ್ತಾ ನಿಂತುಬಿಟ್ಟರು. ಊದುವುದಿಲ್ಲ, ಕರೆಯುವುದಿಲ್ಲ, ಅವಳು ಎತ್ತ ಹೋಗುತ್ತಾಳೆಂದು ನೋಡುವುದೂ ಇಲ್ಲ. ಅವಳದ್ದು ಅವಳದ್ದೇ ಆಗಿರಲಿ. ಹಿಂದೆ ನೂರು ಕಾಲುಗಳು ಮಣ್ಣಿನಲ್ಲಿ ಸರಿದಾಡುವ ಸದ್ದು ಕೇಳುತ್ತಿತ್ತು. ಎಡಕ್ಕೆ ಹೋದದ್ದೆಷ್ಟು, ಬಲಕ್ಕೆ ಹೋದದ್ದೆಷ್ಟು, ಸದ್ದಿನಿಂದ ತಿಳಿಯುವಂತಿರಲಿಲ್ಲ. ಕೈ ತಾನಾಗಿ ಕತ್ತಿನ ಹತ್ತಿರ ಹೋಯಿತು. ಸೀಟಿ ಅಲ್ಲಿರಲಿಲ್ಲ, ಕೊಕ್ಕೆಯಲ್ಲೇ ಇತ್ತು.

ಸದ್ದು ನಿಂತಿತು. ಒಂದು ಜೊತೆ ಹೆಜ್ಜೆ ಮಾತ್ರ ಇತ್ತ ಬಂತು. ಯಾರೋ ಹಿಂದಿನಿಂದ ತುದಿಗಾಲಲ್ಲಿ ನಿಂತು ಅವರ ಕತ್ತಿಗೆ ಏನನ್ನೋ ಹಾಕಿದರು. ತಲೆಬಗ್ಗಿಸಿ ನೋಡಿದರೆ ಸ್ಟಾಪ್‌ವಾಚ್. ದಾರ ಇನ್ನೂ ಮೈಬಿಸಿಯಿಂದ ಬೆಚ್ಚಗಿತ್ತು.

"ಇದನ್ನ ನೀನೇ ಇಟ್ಕೋ ಅಮ್ಮ," ಅಂದಳು ಮಗಳು, ಇಡೀ ಕ್ಲಾಸಿನ ಎದುರಿಗೆ. "ಓಡುವಾಗ ಎದೆಗೆ ಬಡಿಯುತ್ತೆ."

ಟೀಚರು ಈ ಕಡೆ ತಿರುಗಿದರು; ಗೇಟಿನ ಒಳಗೆ 'ಅಮ್ಮ' ಅಂದದ್ದನ್ನು ತಿದ್ದಲಿಲ್ಲ. ಮಗಳು ತಿರುಗಿ, ನಡುಗೆರೆಯ ಬಲಕ್ಕೆ, ಜಿಂಕೆಯನ್ನೂ ದಾಟಿ, ನಿನ್ನೆ ಮುಟ್ಟಾಟವಾಡಿದ ಹುಡುಗಿಯರ ಪಕ್ಕಕ್ಕೆ ಓಡಿದಳು. ಮೊಣಕೈ ಹೊರಗೇ ಹೋಗುತ್ತಿತ್ತು.

"ಭೇಷ್," ಎಂದರು ಸೀಟಿ ಟೀಚರು, ಬಾಯಿಂದಲೇ.